ಪಟ್ಟಿಯಲ್ಲಿ ಇಲ್ಲದ ಉಪ್ಪಾಗೆ ಮರಗಳು

ಮೊದಲ ದಿನ ಎಣಿಕೆ ಶುರುವಾದಾಗ ಬೆಳಿಗ್ಗೆ ಹತ್ತು ದಾಟಿತ್ತು. ಆರು ಜನ ಹೆಂಗಸರು, ಮೂರು ಕತ್ತಿ, ದರ್ಜಿಯ ಅಂಗಡಿಯಿಂದ ಕೇಳಿ ತಂದ ಒಂದು ಟೇಪು, ಅರ್ಧ ಡಬ್ಬಿ ಬಿಳಿ ಬಣ್ಣ, ಒಂದು ರಿಜಿಸ್ಟರ್. ನಾನು ಏಳನೆಯವಳು. ಶಿರಸಿಯಲ್ಲಿ ಬಸ್ಸು ಹತ್ತಿ, ಯಲ್ಲಾಪುರದಲ್ಲಿ ಬದಲಿಸಿ, ಇಡಗುಂದಿಯಲ್ಲಿ ಇಳಿದು, ಮುಕ್ಕಾಲು ಗಂಟೆ ನಡೆದು ಬಂದಿದ್ದೆ. ಪತ್ರಿಕೆಯ ವರದಿಗಾರ್ತಿಯಾಗಿ ನನ್ನ ಕೆಲಸ ನೋಡುವುದು ಮತ್ತು ಬರೆದುಕೊಳ್ಳುವುದು, ಟೇಪು ಹಿಡಿಯುವುದಲ್ಲ. ಮಧ್ಯಾಹ್ನದ ಹೊತ್ತಿಗೆ ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು.

ಎಣಿಸುತ್ತಿದ್ದದ್ದು ಉಪ್ಪಾಗೆ ಮರಗಳನ್ನು. ಮಳೆಗಾಲದಲ್ಲಿ ಹಣ್ಣು ಬಿಡುವ ಕಾಡುಮರ. ಹಣ್ಣಿನ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಕಪ್ಪಗಾಗುವವರೆಗೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಈ ಮಜರೆಯಲ್ಲಿ ಆರಿಸುವುದು, ಸೀಳುವುದು, ಒಣಗಿಸುವುದು ಎಲ್ಲವೂ ಹೆಂಗಸರ ಕೆಲಸ. ಮಳೆಗಾಲದ ಎರಡು ತಿಂಗಳು ಹಲವು ಮನೆಗಳು ನಡೆಯುವುದು ಅದರಿಂದಲೇ. ಹಣ್ಣು ಬಲಿಯುವ ಮೊದಲು ಕೊಂಬೆ ಕಡಿದು ಕೀಳಬಾರದು, ಬಿದ್ದದ್ದನ್ನು ಮಾತ್ರ ಆರಿಸಬೇಕು, ಅದರಲ್ಲೂ ಒಂದಿಷ್ಟನ್ನು ಮಂಗಗಳಿಗೆ, ಮೊಳಕೆಗೆ ಬಿಡಬೇಕು ಎಂಬ ಕಟ್ಟಳೆಯನ್ನು ಕೆಲವು ವರ್ಷಗಳ ಹಿಂದೆ ಅವರೇ ಮಾಡಿಕೊಂಡಿದ್ದರು. ಅದನ್ನು ಉಳಿಸಿಕೊಳ್ಳಲು ಹೊರಗಿನಿಂದ ಬಂದು ಕೀಳುವವರ ಜೊತೆ ಜಗಳವನ್ನೂ ಆಡಿದ್ದರು. ನಾನು ಆ ಊರಿಗೆ ಮೊದಲು ಹೋದದ್ದು ಅಂಥ ಒಂದು ಜಗಳದ ಸುದ್ದಿಗೆ.

ಆ ನವೆಂಬರಿನಲ್ಲಿ ವಿಷಯ ಬೇರೆಯಾಗಿತ್ತು. ಮಜರೆಯ ಮೇಲಿನ ಗುಡ್ಡದಲ್ಲಿ ಹೊಸ ವಿದ್ಯುತ್ ತಂತಿ ಹಾಯುವುದು ಖಚಿತವಾಗಿತ್ತು. ತಂತಿಯ ಕೆಳಗೆ ಮತ್ತು ಎರಡೂ ಬದಿಗೆ ಇಷ್ಟಿಷ್ಟು ಅಗಲ ಮರ ಕಡಿಯಬೇಕು. ತಂತಿ ಬೇಡವೆಂದು ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕತ್ತಲಲ್ಲಿ ಕೂರುವ ಊರು ಅದು. ಹೆಂಗಸರ ಗುಂಪು ವಲಯ ಅರಣ್ಯಾಧಿಕಾರಿಯ ಬಳಿ ಹೋಗಿ ಕೇಳಿದ್ದು ಒಂದೇ: ನಾವು ಹಣ್ಣು ಆರಿಸುವ ಮರಗಳನ್ನು ಬಿಡಿ. ಅವರು ಒಂದು ದಾರಿ ಹೇಳಿದರು. ಕಡಿಯಬೇಕಾದ ಪಟ್ಟೆಯೊಳಗಿನ ನಿಮ್ಮ ಸಂಗ್ರಹದ ಮರಗಳ ಪಟ್ಟಿ ಕೊಡಿ. ಅವುಗಳ ತುದಿ ಮಾತ್ರ ಸವರಿಸುತ್ತೇವೆ, ಬುಡಕ್ಕೆ ಕೊಡಲಿ ಹಾಕಿಸುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಹೋಗುತ್ತದೆ. ಕೊಟ್ಟ ಅವಧಿ ಹತ್ತು ದಿನ.

ನವೆಂಬರಿನಲ್ಲಿ ಉಪ್ಪಾಗೆಗೆ ಹಣ್ಣೂ ಇಲ್ಲ, ಹೂವೂ ಇಲ್ಲ. ಹಣ್ಣು ಕೊಡುವ ಮರ ಯಾವುದೆಂದು ತಿಳಿಯಲು ಅವರ ನೆನಪೇ ಆಧಾರ. ಆ ನೆನಪು ನಾನು ನೋಡಿದ ಯಾವ ಕಡತಕ್ಕಿಂತಲೂ ಕ್ರಮವಾಗಿತ್ತು. ಪ್ರತಿ ಮರಕ್ಕೂ ಒಂದು ಹೆಸರು, ಒಂದು ಮನೆ. ಕಲ್ಲುಸಂದಿಯದು, ಅವಳಿ, ಹಳ್ಳದ ಆಚೆಯದು, ತಡವಾಗಿ ಹಣ್ಣಾಗುವುದು. ಆ ಮರದ ಬುಡವನ್ನು ಮಳೆಗೆ ಮೊದಲು ಸವರಿ ಚೊಕ್ಕ ಮಾಡುವುದು ಇಂಥ ಮನೆಯವರೇ, ಆರಿಸುವುದೂ ಅವರೇ. ಕಾಗದದಲ್ಲಿ ಎಲ್ಲೂ ಇಲ್ಲದ ಈ ಪದ್ಧತಿಯ ಮೇಲೆ ಪಟ್ಟಿ ತಯಾರಾಗುತ್ತಿತ್ತು. ಒಬ್ಬರು ಮರದ ಹೆಸರು ಕೂಗುವುದು, ಒಬ್ಬರು ಎದೆಮಟ್ಟದಲ್ಲಿ ಸುತ್ತಳತೆ ಹಿಡಿಯುವುದು, ಒಬ್ಬರು ಬಿಳಿ ಬಣ್ಣದಲ್ಲಿ ನಂಬರು ಬರೆಯುವುದು, ಗುಂಪಿನ ಕಾರ್ಯದರ್ಶಿ ರಿಜಿಸ್ಟರಿನಲ್ಲಿ ದಾಖಲಿಸುವುದು. ಆಕೆ ಅಡಿಕೆ ತೋಟಿಗರ ಮನೆಯವರು, ಹಿಂದೆ ಅಂಗನವಾಡಿಯಲ್ಲಿ ಕೆಲಸ ಮಾಡಿದವರು, ದುಂಡಗಿನ ಅಕ್ಷರ. ಉಳಿದ ಐವರು ರೈತರ ಮನೆಯವರು. ಕಚೇರಿಯಿಂದ ಕೊಟ್ಟ ನಮೂನೆಯಲ್ಲಿ ಕೊನೆಯ ಅಂಕಣ 'ವಾರ್ಷಿಕ ಸಂಗ್ರಹ'. ಅದಕ್ಕೆ ಬುಟ್ಟಿಯ ಲೆಕ್ಕ ತುಂಬುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲು ಒಂದು ಮರದ ಹತ್ತಿರ ಸಾಲು ನಿಂತಿತು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಾಕೆ, ಅಜ್ಜಿ ಎಂದೇ ಎಲ್ಲರೂ ಕರೆಯುವವರು, ಅದಕ್ಕೂ ನಂಬರು ಹಾಕಿ ಎಂದರು. ಗುಂಪಿನ ಅಧ್ಯಕ್ಷೆ ಬೇಡವೆಂದರು. ಅದು ಗೊಡ್ಡು, ಒಂದು ಹಣ್ಣು ಬಿಟ್ಟದ್ದನ್ನು ಯಾರೂ ಕಂಡಿಲ್ಲ, ಯಾವ ಮನೆಯ ಪಾಲಿಗೂ ಸೇರಿಲ್ಲ.

"ಹಣ್ಣು ಬಿಡಲಿಲ್ಲ ಅಂದ್ರೆ ಗೊಡ್ಡು ಅಂತೀರಿ," ಅಜ್ಜಿ ಹೇಳಿದರು. "ಅದು ಗೊಡ್ಡಲ್ಲ, ಗಂಡು. ಅದು ಇಲ್ದೆ ಇವು ಕಾಯಿ ಕಚ್ಚೂದಿಲ್ಲ."

ಟೇಪು ಹಿಡಿದಿದ್ದ ಕಿರಿಯ ಸೊಸೆಯೊಬ್ಬಳು ತಡಮಾಡಲಿಲ್ಲ. "ಹಂಗಾದ್ರೆ ನಮ್ಮನೇಲಿ ಇರೂ ಗಂಡಿನ ಹಾಂಗೇ ಅಜ್ಜಿ. ಕೆಲಸ ಇಲ್ಲ, ನಿಂತ್ಕಂಡಿರ್ತದೆ."

ಎಲ್ಲರೂ ನಕ್ಕರು. ಬಿಸಿಲಿನಲ್ಲಿ ಎರಡು ದಿನ ಗುಡ್ಡ ಹತ್ತಿ ಇಳಿದವರಿಗೆ ನಗು ಬೇಕಿತ್ತು. ನಾನೂ ನಕ್ಕೆ. ಕಾರ್ಯದರ್ಶಿ ನಮೂನೆ ತೋರಿಸಿ, ಸಂಗ್ರಹದ ಅಂಕಣಕ್ಕೆ ಏನು ಬರೆಯಲಿ, ಸೊನ್ನೆ ಹಾಕಿದರೆ ಇಡೀ ಪಟ್ಟಿಯೇ ಸುಳ್ಳು ಅನ್ನುತ್ತಾರೆ ಎಂದರು. "ಹಣ್ಣಿಂದು ಮಾತ್ರ ಬರಿ, ಸಾಕು," ಎಂದು ಅಧ್ಯಕ್ಷೆ ಮಾತು ಮುಗಿಸಿದರು. ಸಾಲು ಮುಂದೆ ಹೋಯಿತು. ಈ ಅಷ್ಟೂ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿ ಇತ್ತು. ವರದಿಯಲ್ಲಿ ಇರಲಿಲ್ಲ.

ನಾಲ್ಕು ದಿನದಲ್ಲಿ ಅರವತ್ತೊಂದು ಮರಗಳಾದವು. ಪಟ್ಟೆಯ ಕೆಳಭಾಗದಲ್ಲಿ ಇಪ್ಪತ್ತಮೂರು, ಹಳ್ಳ ದಾಟಿದ ಮೇಲೆ ಮೂವತ್ತೆಂಟು. ನಾನು ಕಳಿಸಿದ ವರದಿ ಜಿಲ್ಲಾ ಪುಟದಲ್ಲಿ ಫೋಟೋ ಸಮೇತ ಬಂತು. ಅದರಲ್ಲಿ ಒಂದು ವಾಕ್ಯ: 'ತಂತಿ ಹಾಯುವ ಪಟ್ಟೆಯಲ್ಲಿನ ಎಲ್ಲ ಉಪ್ಪಾಗೆ ಮರಗಳ ಎಣಿಕೆ ಪೂರ್ಣಗೊಂಡಿದೆ.' ಗುಂಪಿನವರು ಆ ತುಣುಕನ್ನು ಕತ್ತರಿಸಿ ಪಟ್ಟಿಯ ಜೊತೆ ಲಗತ್ತಿಸಿ ಕಚೇರಿಗೆ ಕೊಟ್ಟರು. ವಲಯ ಅರಣ್ಯಾಧಿಕಾರಿ ಪಟ್ಟಿಯನ್ನು ಇದ್ದಂತೆಯೇ ಒಪ್ಪಿದರು. ಮರುಪರಿಶೀಲನೆ ಕೇಳಲಿಲ್ಲ. ಇದು ಅಪರೂಪವೆಂದು ನಾನು ಇನ್ನೊಂದು ಸಣ್ಣ ಸುದ್ದಿ ಮಾಡಿದೆ.

ಜನವರಿಯ ಮೊದಲ ವಾರ ಕೆಳಭಾಗದ ಕಡಿತ ಮುಗಿಯಿತು. ಮುಂದುವರಿದ ವರದಿಗೆಂದು ಹೋದೆ. ಏನು ಬರೆಯಬೇಕೆಂದು ಬಸ್ಸಿನಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿತ್ತು: ಹೆಂಗಸರು ಪಟ್ಟಿ ಮಾಡಿದರು, ಮರ ಉಳಿದವು. ಕಾರ್ಯದರ್ಶಿ ಮತ್ತು ನಾನು ರಿಜಿಸ್ಟರ್ ಹಿಡಿದು ಒಂದರಿಂದ ಇಪ್ಪತ್ತಮೂರರವರೆಗೆ ನೋಡಿದೆವು. ಎಲ್ಲವೂ ನಿಂತಿದ್ದವು. ಹೇಳಿದಂತೆ ತುದಿ ಮಾತ್ರ ಸವರಿದ್ದರು, ಬಿಳಿ ನಂಬರು ಕೂಡ ಅಳಿಸಿರಲಿಲ್ಲ. ತಿರುಗಿ ಬರುವಾಗ ಒಂದು ಮೋಟಿನ ಮೇಲೆ ರಿಜಿಸ್ಟರ್ ಇಡಲು ಬಗ್ಗಿದ ಕಾರ್ಯದರ್ಶಿ ಕೈ ಹಿಂತೆಗೆದುಕೊಂಡರು. ಬೆರಳಿಗೆ ಹಳದಿ ಅಂಟು ಹತ್ತಿತ್ತು. ಉಪ್ಪಾಗೆಯನ್ನು ಕಡಿದರೆ ಅಂಥ ಅಂಟು ಬರುತ್ತದೆ.

ಮತ್ತೆ ಕೆಳಗಿನಿಂದ ನೋಡುತ್ತ ಬಂದೆವು, ಈ ಸಲ ಮೋಟುಗಳನ್ನು. ಬಿದ್ದ ಕೊಂಬೆಗಳ ಎಲೆ ಹಿಡಿದು ಒಂದೊಂದನ್ನೂ ಖಾತ್ರಿ ಮಾಡಿಕೊಂಡೆವು. ಉಪ್ಪಾಗೆಯ ಹತ್ತಿರದ ಜಾತಿಯ ಮರಗಳಾದ ಮುರುಗಲಿಗೂ ಜಾರಿಗೆಗೂ ಹಳದಿ ಅಂಟು ಇದೆ, ಎಲೆ ಬೇರೆ. ಹನ್ನೊಂದು ಉಪ್ಪಾಗೆ ಮೋಟುಗಳು ಸಿಕ್ಕವು. ಕಡಿತದ ಉಸ್ತುವಾರಿಗೆ ಇದ್ದ ಗಾರ್ಡ್ ಅಲ್ಲೇ ಇದ್ದರು. ಅವರು ಸಿಟ್ಟಾಗಲೂ ಇಲ್ಲ, ನುಣುಚಿಕೊಳ್ಳಲೂ ಇಲ್ಲ. "ನಂಬರ್ ಇದ್ದಿದ್ದು ಒಂದನ್ನೂ ಮುಟ್ಟಿಲ್ಲ ಅಕ್ಕಾ. ಇವಕ್ಕೆ ನಂಬರ್ ಇರ್ಲಿಲ್ಲ," ಎಂದರು. ಅದು ನಿಜವಾಗಿತ್ತು. ನಿಯಮ ಮುರಿದವರು ಯಾರೂ ಇರಲಿಲ್ಲ.

ಅಜ್ಜಿಯನ್ನು ಕೇಳಿದೆ. ಅವರು ಹೇಳಿದ್ದು ಕಂಡ ಮಾತು. ತಮ್ಮ ತವರಿನ ಗುಡ್ಡದಲ್ಲಿ ಇಂಥದ್ದೊಂದು ಮರವನ್ನು ಸಿಪ್ಪೆ ಒಣಗಿಸುವ ಒಲೆಗೆಂದು ಕಡಿದರು. ಎರಡು ಮಳೆಗಾಲದ ಮೇಲೆ ಸುತ್ತಲಿನ ಮರಗಳಲ್ಲಿ ಹೂ ಬಂತು, ಕಾಯಿ ನಿಲ್ಲಲಿಲ್ಲ. ಒಬ್ಬರ ಮಾತಿನ ಮೇಲೆ ಬರೆಯಲಾಗದು. ಶಿರಸಿಯ ಒಬ್ಬ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ಫೋನು ಮಾಡಿದೆ. ಉಪ್ಪಾಗೆಯಲ್ಲಿ ಗಂಡು ಹೂವಿನ ಮರಗಳು ಬೇರೆಯೇ ಇರುತ್ತವೆ, ಅವು ಹತ್ತಿರ ಇಲ್ಲದಿದ್ದರೆ ಫಸಲು ಇಳಿಯುವ ಸಾಧ್ಯತೆ ಇದೆ, ಎಷ್ಟು ಎಂದು ನೋಡದೆ ಹೇಳಲಾರೆ ಎಂದರು. ಹೂವಿಲ್ಲದ ಕಾಲದಲ್ಲಿ ಗಂಡು ಮರವನ್ನು ಗುರುತಿಸುವುದು ಹೇಗೆ ಎಂದದ್ದಕ್ಕೆ, ಆಗುವುದಿಲ್ಲ ಎಂದರು. ಹೂವು ಬರುವುದು ಫೆಬ್ರವರಿ ಮುಗಿಯುವಾಗ. ಹಳ್ಳದ ಆಚೆಯ ಕಡಿತ ಇನ್ನು ಎರಡು ವಾರಕ್ಕೆ.

ಮರುದಿನ ಶಾಲೆಯ ಜಗಲಿಯಲ್ಲಿ ಗುಂಪು ಸೇರಿತು. ಪ್ರಶ್ನೆ ಸರಳವಾಗಿತ್ತು, ಉತ್ತರ ಆಗಿರಲಿಲ್ಲ. ಹಳ್ಳದ ಆಚೆಯೂ ಇಂಥ ಮರಗಳಿದ್ದವು. ಅವುಗಳನ್ನು ಉಳಿಸಬೇಕೆಂದರೆ ನಮ್ಮ ಪಟ್ಟಿ ಅರ್ಧ ಎಂದು ಕಚೇರಿಗೆ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರೆ ಒಪ್ಪಿದ ಪಟ್ಟಿಯನ್ನೇ ಅವರು ತಿರಸ್ಕರಿಸಬಹುದು. ಆಗ ಮೂವತ್ತೆಂಟು ಹಣ್ಣಿನ ಮರಗಳಿಗೂ ರಕ್ಷಣೆ ಇಲ್ಲ. ಸುಮ್ಮನಿದ್ದರೆ ಹಣ್ಣಿನ ಮರ ಉಳಿಯುತ್ತವೆ; ಹಣ್ಣು ಎಷ್ಟು ದಿನ ಎಂಬುದು ಬೇರೆ. ಅಧ್ಯಕ್ಷೆಯ ಮನೆಯ ಪಾಲಿನ ನಾಲ್ಕೂ ಮರಗಳು ಹಳ್ಳದ ಆಚೆ ಇದ್ದವು. ಗಂಡನ ಕಾಲು ಮುರಿದ ಮೇಲೆ ಮಳೆಗಾಲದಲ್ಲಿ ಆ ಮನೆಗೆ ಬೇರೆ ಆದಾಯ ಇರಲಿಲ್ಲ. ಇದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಾತು ಎರಡು ಗಂಟೆ ನಡೆಯಿತು, ಎಲ್ಲಿಗೂ ತಲುಪಲಿಲ್ಲ. ಇಬ್ಬರು ಬರೆದುಕೊಡೋಣ ಎಂದರು, ಮೂವರು ಬೇಡ ಎಂದರು. ಅಧ್ಯಕ್ಷೆ ಎದ್ದು ದನ ಕಟ್ಟುವ ಹೊತ್ತಾಯಿತೆಂದು ಹೋದರು. ಕಾರ್ಯದರ್ಶಿ ನನ್ನನ್ನು ಮುಖ್ಯ ದಾರಿಯವರೆಗೆ ಬಿಡಲು ಬಂದರು. ನಮ್ಮಿಬ್ಬರ ಮನೆಮಾತು ಒಂದೇ. ದಾರಿಯಲ್ಲಿ ಒಮ್ಮೆ ನಿಂತು, "ಪಟ್ಟಿ ಬರದ್ದು ಆನೇ. ಕೆಳಗೆ ಯನ್ನ ಸಹಿ ಇದ್ದು. ಯಾರ ಮೇಲೆ ಹಾಕದು ಹೇಳು?" ಎಂದರು. ಅಷ್ಟು ಹೊತ್ತಿಗೆ ನನ್ನದೇ ಒಂದು ವಾಕ್ಯ ನನ್ನ ಕಾಲಿಗೆ ತೊಡರಿತ್ತು. 'ಎಲ್ಲ ಉಪ್ಪಾಗೆ ಮರಗಳ ಎಣಿಕೆ' ಎಂದು ಬರೆದವಳು ನಾನು. ಎಲ್ಲವೂ ಅಲ್ಲವೆಂಬುದು ಬರೆಯುವ ದಿನವೇ ನನ್ನ ಪುಸ್ತಕದಲ್ಲಿತ್ತು.

ಹುಬ್ಬಳ್ಳಿಯ ಡೆಸ್ಕಿಗೆ ಫೋನು ಮಾಡಿ ಮುಖ್ಯ ಉಪಸಂಪಾದಕರಿಗೆ ಎಲ್ಲ ಹೇಳಿದೆ. ತಪ್ಪು ಮುದ್ರಣವಾದರೆ ತಿದ್ದುಪಡಿ ಹಾಕುವುದು ನಮ್ಮ ನಿಯಮ. ಅದರಲ್ಲಿ ಚರ್ಚೆ ಇಲ್ಲ. ಆದರೆ ತಿದ್ದುಪಡಿ ಮೊದಲು ಬಂದು, ಅದನ್ನು ಓದಿ ಕಚೇರಿಯವರು ಪಟ್ಟಿಯನ್ನು ಪ್ರಶ್ನಿಸಿದರೆ, ಹೆಂಗಸರು ತೀರ್ಮಾನಿಸುವ ಮೊದಲೇ ಪತ್ರಿಕೆಯೇ ಅವರ ಬದಲಿಗೆ ತೀರ್ಮಾನಿಸಿದ ಹಾಗೆ ಆಗುತ್ತದೆ. ಅವರಿಗೆ ಹೇಳದೆ ಹಾಕುವುದು ಸರಿಯಲ್ಲ, ಅವರಿಗಾಗಿ ಹಾಕದೇ ಇರುವುದೂ ಸರಿಯಲ್ಲ ಎಂದೆ.

"ಹಾಕೂದಂತೂ ಖರೇರಿ," ಎಂದರು ಅವರು. "ಗುರುವಾರದ ಪುಟಕ್ಕ ಹಾಕ್ತೀನಿ. ಅದಕ್ಕೂ ಮುಂದ ದೂಡಾಂಗಿಲ್ಲ. ಅವರಿಗೆ ಹೋಗಿ ನೀವಽ ಹೇಳ್ರಿ."

ಅಂದು ಸೋಮವಾರ. ಮಂಗಳವಾರ ಮತ್ತೆ ಎರಡು ಬಸ್ಸು, ಮುಕ್ಕಾಲು ಗಂಟೆಯ ನಡಿಗೆ. ಆ ತಿಂಗಳು ಆ ದಾರಿಯಲ್ಲಿ ಎಷ್ಟು ಸಲ ನಡೆದೆನೋ, ಎಲ್ಲೆಲ್ಲಿ ಕಲ್ಲು ಅಲುಗಾಡುತ್ತದೆಂದು ಪಾದಕ್ಕೇ ಗೊತ್ತಿತ್ತು. ಜಗಲಿಯಲ್ಲಿ ಗುಂಪಿನವರು ಆರೂ ಜನ ಇದ್ದರು. ಗುರುವಾರ ತಿದ್ದುಪಡಿ ಬರುತ್ತದೆ ಎಂದೆ. ಅದರಲ್ಲಿ ಏನಿರುತ್ತದೆ ಎಂದೂ ಹೇಳಿದೆ: ಎಣಿಸಿದ್ದು ಹಣ್ಣು ಬಿಡುವ ಮರಗಳನ್ನು ಮಾತ್ರ, ಎಲ್ಲ ಮರಗಳನ್ನಲ್ಲ.

ಕಿರಿಯ ಸೊಸೆ ನೇರವಾಗಿ ಕೇಳಿದಳು: "ನಮ್ಮ ಪರ ಬರೀತೀರಿ ಅಂತ ಮಾಡಿದ್ವಲ್ಲೇ ಪೇಪರಕ್ಕ?"

ಇದ್ದದ್ದು ಬರೆಯುತ್ತೇನೆ, ಈ ಸಲ ಇದ್ದದ್ದನ್ನೂ ಪೂರ್ತಿ ಬರೆಯಲಿಲ್ಲ, ಅದಕ್ಕೇ ತಿದ್ದುಪಡಿ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಆಗಬೇಕಾದದ್ದೂ ಇರಲಿಲ್ಲ.

ಅಧ್ಯಕ್ಷೆ ನನ್ನ ಕಡೆ ತಿರುಗಿದರು. ಆ ದಿನ ಮರದ ಹತ್ತಿರ ಯಾರು ಏನು ಹೇಳಿದರೆಂದು ನಿನ್ನ ಪುಸ್ತಕದಲ್ಲಿ ಇದೆಯಾ ಎಂದು ಕೇಳಿದರು. ಇದೆ ಎಂದೆ. ಓದು ಎಂದರು. ಟಿಪ್ಪಣಿ ಪುಸ್ತಕವನ್ನು ಹೊರಗಿನವರಿಗೆ ಕೊಡುವ ರೂಢಿ ನಮ್ಮಲ್ಲಿ ಇಲ್ಲ. ಆದರೆ ಆಡಿದವರಿಗೆ ಅವರ ಮಾತನ್ನೇ ಓದಿ ಹೇಳಲು ಅಡ್ಡಿ ಕಾಣಲಿಲ್ಲ. ಓದಿದೆ. ಅಜ್ಜಿಯ ಮಾತು, ಸೊಸೆಯ ತಮಾಷೆ, 'ಎಲ್ಲರೂ ನಕ್ಕರು', ಕಾರ್ಯದರ್ಶಿಯ ಸೊನ್ನೆಯ ಹೆದರಿಕೆ, ಕೊನೆಗೆ ಅಧ್ಯಕ್ಷೆ ಮಾತು ಮುಗಿಸಿದ್ದು. ನನ್ನದೇ ದನಿಯಲ್ಲಿ ಅದು ಆರೋಪಪಟ್ಟಿಯಂತೆ ಕೇಳಿಸಿತು. ಅಜ್ಜಿ ತಲೆ ಎತ್ತಲಿಲ್ಲ, ಅಡಿಕೆ ಕತ್ತರಿಸುತ್ತ ಕೂತಿದ್ದರು.

"ಹೇಳಿದ್ದು ಹೌದು," ಎಂದರು ಅಧ್ಯಕ್ಷೆ. "ಪೇಪರಲ್ಲಿ ಬಂದ್ಮೇಲೆ ಹೋದ್ರೆ ಸಿಕ್ಕಿಬಿದ್ದು ಬಂದ್ರು ಅಂತಾರೆ. ನಾಳೇನೆ ಹೋಗ್ವ. ನಾವೇ ಹೇಳ್ವ."

ಕಾರ್ಯದರ್ಶಿ ಕಾಗದ ತೆಗೆದರು. ಪತ್ರ ಬರೆಯುವ ಮೊದಲು ಕೆಲಸ ಒಂದಿತ್ತು: ಹಳ್ಳದ ಆಚೆ ನಂಬರು ಇಲ್ಲದ ಉಪ್ಪಾಗೆ ಎಷ್ಟು ಎಂದು ನೋಡುವುದು. ಮಧ್ಯಾಹ್ನ ಮೂರಕ್ಕೆ ಹತ್ತಿದೆವು. ಒಬ್ಬರಿಗೆ ಜ್ವರ, ಅಜ್ಜಿಗೆ ಮಂಡಿ ನೋವು. ಉಳಿದವರು ನಾಲ್ಕು ಜನ. ತೊಗಟೆಯನ್ನು ಕತ್ತಿಯ ಮೊನೆಯಲ್ಲಿ ಗೀರಿ ಹಳದಿ ನೋಡುವುದು, ಎಲೆ ಹಿಡಿದು ನೋಡುವುದು, ಕೊಂಬೆ ಅಡ್ಡಡ್ಡ ಹೋಗಿ ಜೋತಿದೆಯೇ ನೋಡುವುದು. ಗಂಡು ಎಂದು ಬರೆಯಲಿಲ್ಲ. 'ಹಣ್ಣು ಬಿಡದ ಉಪ್ಪಾಗೆ' ಎಂದು ಬರೆದರು. ಹೊತ್ತು ಇಳಿಯುವಾಗ ಹದಿನಾಲ್ಕು ಆಗಿದ್ದವು.

ಬುಧವಾರ ಗುಂಪಿನವರು ಯಲ್ಲಾಪುರದ ಕಚೇರಿಗೆ ಹತ್ತು ಗಂಟೆಗೆ ಹೋದರು, ಜೊತೆಗೆ ನಾನೂ. ಸಾಹೇಬರು ಮೀಟಿಂಗಿನಲ್ಲಿದ್ದರು. ಹನ್ನೆರಡಾಯಿತು, ಒಂದಾಯಿತು. ಹೊರಗಿನ ಬೆಂಚಿನ ಮೇಲೆ ಮೂವರಿಗೆ ಜಾಗ, ಉಳಿದವರು ಮೆಟ್ಟಿಲ ಮೇಲೆ. ಒಬ್ಬರು ತಂದಿದ್ದ ಅವಲಕ್ಕಿಯನ್ನು ಹಂಚಿಕೊಂಡೆವು. ಮೂರೂವರೆಗೆ ಒಳಗೆ ಕರೆದರು. ವಲಯ ಅರಣ್ಯಾಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಅವರ ಕಣ್ಣೂ ನಿದ್ದೆಗೆಟ್ಟಂತಿತ್ತು. ಪತ್ರವನ್ನು ಎರಡು ಸಲ ಓದಿದರು. ಒಪ್ಪಿದ್ದು ಸಂಗ್ರಹದ ಮರಗಳಿಗೆ, ಇವು ಸಂಗ್ರಹದ ಮರ ಅಲ್ಲವೆಂದು ನೀವೇ ಬರೆದಿದ್ದೀರಲ್ಲ, ಯಾವ ಆಧಾರದ ಮೇಲೆ ಬಿಡಲಿ ಎಂದು ಕೇಳಿದರು. ದನಿಯಲ್ಲಿ ಕೊಂಕು ಇರಲಿಲ್ಲ.

ಅಧ್ಯಕ್ಷೆ ಹೇಳಿದರು: "ಸಾಹೇಬ್ರೆ, ಹಟ್ಟಿ ದನ ಲೆಕ್ಕ ಮಾಡೂವಾಗ ಹಾಲು ಕರೂದನ್ನೇ ಬರ್ಕಂಡು ಹೋರಿ ಬಿಟ್ಟ ಹಾಂಗೆ ಆಗೇದೆ. ಬಿಟ್ಟದ್ದು ನಾವು. ನಿಮ್ಮದು ತಪ್ಪಿಲ್ಲ."

ಅವರು ಪೆನ್ನು ಮುಚ್ಚಿಟ್ಟರು. ಪತ್ರದ ಮೇಲೆ ಸೇರಿಸಲು ಬರುವುದಿಲ್ಲ, ಜಂಟಿ ತಪಾಸಣೆ ಆಗಬೇಕು ಎಂದರು. ತಪಾಸಣೆ ಅಂದರೆ ಈ ಹದಿನಾಲ್ಕು ಮಾತ್ರ ಅಲ್ಲ. ಪಟ್ಟಿಯಲ್ಲಿ ಲೋಪ ಇದೆ ಎಂದು ನೀವೇ ಕೊಟ್ಟ ಮೇಲೆ ಮೂವತ್ತೆಂಟನ್ನೂ ಮೊದಲಿನಿಂದ ನೋಡಬೇಕಾಗುತ್ತದೆ. ಹಣ್ಣಿನ ಮರ ಎಂಬುದಕ್ಕೆ ಕುರುಹು ತೋರಿಸಬೇಕು, ಎತ್ತರವನ್ನೂ ಅಳೆಯುತ್ತೇವೆ. ತುದಿ ಸವರಿದ ಮೇಲೂ ತಂತಿಗೆ ತಾಗುವಂಥದ್ದು ಪಟ್ಟಿಯಲ್ಲಿದ್ದರೂ ಹೋಗುತ್ತದೆ. ಮೊದಲು ಅಳೆಯದೇ ಬಿಟ್ಟದ್ದು ನಿಮ್ಮ ಮೇಲಿನ ನಂಬಿಕೆಯಿಂದ. "ಪತ್ರ ವಾಪಸ್ ತಗೊಳ್ತೀರಾ? ಇನ್ನೂ ಇನ್ವರ್ಡ್ ರಿಜಿಸ್ಟರಿಗೆ ಹಾಕಿಲ್ಲ," ಎಂದರು.

ಕಾರ್ಯದರ್ಶಿ ಅಧ್ಯಕ್ಷೆಯ ಮುಖ ನೋಡಿದರು. ಅಧ್ಯಕ್ಷೆ ಪತ್ರವನ್ನು ಮೇಜಿನ ಮೇಲೆ ಅವರ ಕಡೆಗೆ ಒಂದು ಗೇಣು ದೂಡಿದರು. ಅಷ್ಟೇ. ಮೊಹರು ಬಿತ್ತು.

ಗುರುವಾರ ತಿದ್ದುಪಡಿ ಬಂತು, ಒಳಪುಟದ ಕೆಳಮೂಲೆಯಲ್ಲಿ ನಾಲ್ಕು ಸಾಲು.

ಶನಿವಾರ ಜಂಟಿ ತಪಾಸಣೆ. ಅಧಿಕಾರಿ, ಇಬ್ಬರು ಗಾರ್ಡ್, ಲೈನಿನ ಕೆಲಸದ ಒಬ್ಬ ಮೇಲ್ವಿಚಾರಕ, ಹೆಂಗಸರು ಆರೂ ಜನ. ಅಜ್ಜಿಯೂ ಕೋಲು ಹಿಡಿದು ಬಂದಿದ್ದರು. ಗಾರ್ಡ್ ಬಳಿ ಅಡಿ ಅಡಿಗೆ ಗುರುತು ಹಾಕಿದ ಉದ್ದದ ಬಿದಿರಿನ ಗಳ. ಒಂದೊಂದು ಹಣ್ಣಿನ ಮರದ ಬುಡದಲ್ಲಿ ಹೆಂಗಸರು ತರಗೆಲೆ ಸರಿಸಿ ಹಳೆಯ ಬೀಜ, ಈ ವರ್ಷದ ಮೊಳಕೆ, ಬುಡ ಸವರಿದ ಜಾಗ ತೋರಿಸುತ್ತ ಹೋದರು. ಬಿದ್ದದ್ದನ್ನೆಲ್ಲ ಬಾಚದೇ ಒಂದಿಷ್ಟು ಬಿಡುವ ಅವರ ಕಟ್ಟಳೆಯಿಂದಾಗಿ ಮೊಳಕೆ ಇಲ್ಲದ ಬುಡ ಒಂದೂ ಇರಲಿಲ್ಲ. ಕುರುಹಿನ ವಿಷಯದಲ್ಲಿ ಮೂವತ್ತೆಂಟೂ ನಿಂತವು. ಎತ್ತರದಲ್ಲಿ ಮೂರು ಹೋದವು. ಆ ಮೂರರಲ್ಲಿ ಎರಡು ಅಧ್ಯಕ್ಷೆಯ ಮನೆಯವು. ಒಂದು ಆ ಗುಡ್ಡದಲ್ಲೇ ಹೆಚ್ಚು ಹಣ್ಣು ಬಿಡುವ ಮರ. ಸುತ್ತಳತೆಗೆ ಟೇಪು ಸಾಲದೆ ನಾವು ಹಗ್ಗ ಹಾಕಿದ್ದು.

ಗಳ ಎತ್ತಿ ನಿಲ್ಲಿಸಿದ ಗಾರ್ಡ್ ಅಳತೆ ಹೇಳುವ ಮೊದಲು ಇನ್ನೊಮ್ಮೆ ನೋಡಿದರು. ಮತ್ತೆ ಅದೇ ಬಂತು. ಅಧ್ಯಕ್ಷೆ ಮರವನ್ನು ನೋಡಲಿಲ್ಲ. ಗಳದ ಗುರುತನ್ನು ನೋಡಿದರು, ಸರಿ ಎಂದರು, ಮುಂದಿನ ಮರಕ್ಕೆ ನಡೆದರು. ಹಿಂದಿನಿಂದ ಕಿರಿಯ ಸೊಸೆ ಏನೋ ಹೇಳಲು ಹೋದಾಗ ಅಜ್ಜಿ ಅವಳ ತೋಳು ಹಿಡಿದರು.

ಹಣ್ಣು ಬಿಡದ ಹದಿನಾಲ್ಕರಲ್ಲಿ ಐದು ನೇರ ತಂತಿಯ ಕೆಳಗಿದ್ದವು, ಅವನ್ನು ಬಿಡಲಿಲ್ಲ. ಉಳಿದ ಒಂಬತ್ತನ್ನು ಅಧಿಕಾರಿ 'ಫಸಲಿಗೆ ಪೂರಕ ಮರಗಳು' ಎಂಬ ಹೊಸ ಶೀರ್ಷಿಕೆಯಡಿ ಬರೆಸಿಕೊಂಡರು. ಅಂಥ ಶೀರ್ಷಿಕೆ ನಮೂನೆಯಲ್ಲಿ ಇಲ್ಲ, ಮೇಲಿನವರು ಕೇಳಿದರೆ ನಾನು ಉತ್ತರಿಸಬೇಕು ಎಂದು ತಮಗೇ ಎಂಬಂತೆ ಹೇಳಿಕೊಂಡರು. ಪಂಚನಾಮೆಗೆ ಎಲ್ಲರೂ ಸಹಿ ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದರು.

ಕಡಿತದ ದಿನ ನಾನು ಹೋಗಲಿಲ್ಲ. ಸಿದ್ದಾಪುರದಲ್ಲಿ ಬೇರೆ ಸುದ್ದಿ ಇತ್ತು. ಕಾರ್ಯದರ್ಶಿ ಫೋನಿನಲ್ಲಿ ಹೇಳಿದರು: ಆ ಮೂರು ಬಿಟ್ಟರೆ ನಂಬರಿದ್ದದ್ದೆಲ್ಲ ನಿಂತಿದೆ, ಒಂಬತ್ತೂ ನಿಂತಿವೆ. ದೊಡ್ಡ ಮರ ಬೀಳುವಾಗ ಅಧ್ಯಕ್ಷೆ ಅಲ್ಲಿರಲಿಲ್ಲ, ಗದ್ದೆಯ ಕಡೆ ಹೋಗಿದ್ದರು. ಮರುದಿನ ಬಂದು ಅದರ ಕೊಂಬೆಗಳನ್ನು ಸಿಪ್ಪೆ ಒಣಗಿಸುವ ಒಲೆಗೆಂದು ಕಡಿದು ಹೊರೆ ಕಟ್ಟಿ ಒಯ್ದರು.

ಮಾರ್ಚಿನ ಮೊದಲ ವಾರ, ಹೂವು ಬಂದಿದೆ ಎಂದು ಕರೆ ಬಂತು. ಸುದ್ದಿ ಎನ್ನುವಂಥದ್ದು ಅದರಲ್ಲಿ ಉಳಿದಿರಲಿಲ್ಲ. ಡೆಸ್ಕು ಕೇಳಿರಲಿಲ್ಲ. ಆದರೂ ಹೋದೆ. ಗುಂಪಿನವರು ರಿಜಿಸ್ಟರಿನ ಹೊಸ ಪುಟಕ್ಕೆ ಗೆರೆ ಎಳೆದು ಸಿದ್ಧ ಮಾಡಿಟ್ಟಿದ್ದರು. ಒಂಬತ್ತು ಮರಗಳ ಹತ್ತಿರವೂ ಹೋಗಿ, ಕೊಂಬೆ ಬಗ್ಗಿಸಿ, ಹೂವನ್ನು ಉಗುರಿನಲ್ಲಿ ಸೀಳಿ ನೋಡುವುದು. ನಡುವೆ ಕಾಯಿಯ ಮೊಗ್ಗಿದ್ದರೆ ಅದು ಹಣ್ಣಿನ ಮರ. ಬರೀ ಕೇಸರ ಇದ್ದರೆ ಗಂಡು. ಅಜ್ಜಿ ತೋರಿಸಿಕೊಟ್ಟರು, ಉಳಿದವರು ಕಲಿತರು. ಏಳು ಗಂಡು. ಒಂದು ಉಪ್ಪಾಗೆಯೇ ಅಲ್ಲ, ಜಾರಿಗೆ. ಎಲೆಯ ಮೇಲೆ ಅಷ್ಟು ನಂಬಿಕೆ ಇಟ್ಟ ನಾವು ಅಲ್ಲೂ ಸೋತಿದ್ದೆವು. ಅದನ್ನು ಹಾಗೆಯೇ ಬರೆದರು. ಕಚೇರಿಗೂ ತಿಳಿಸಬೇಕೆಂದು ಅಧ್ಯಕ್ಷೆಯೇ ಹೇಳಿದರು.

ಒಂಬತ್ತನೆಯದರಲ್ಲಿ ಹೂವೇ ಇರಲಿಲ್ಲ. ಸುತ್ತ ಎರಡು ಸಲ ಬಂದೆವು. ಕಿರಿಯ ಸೊಸೆ ಮರ ಹತ್ತಿ ಮೇಲಿನ ಕೊಂಬೆಗಳನ್ನೂ ನೋಡಿ ಇಳಿದಳು. ಒಂದು ಮೊಗ್ಗೂ ಇಲ್ಲ. ಗಂಡು ಎಂದೇ ಬರೆದುಬಿಡೋಣ, ಹೇಗೂ ಬಿಟ್ಟಿದ್ದಾರಲ್ಲ ಎಂದು ಒಬ್ಬರು ಹೇಳಿದರು. ಗೊಡ್ಡು ಇದ್ದರೂ ಇರಬಹುದು ಎಂದು ಇನ್ನೊಬ್ಬರು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಮರದ ಕಡೆ ನೋಡಿ, ತಮಗೂ ಹೇಳಲು ಬರುವುದಿಲ್ಲ ಎಂದರು. ಕಾರ್ಯದರ್ಶಿಯ ಪೆನ್ನು ಅಂಕಣದ ಮೇಲೆ ನಿಂತಿತ್ತು.

ಅಧ್ಯಕ್ಷೆ ಸೆರಗಿನಲ್ಲಿ ಕುತ್ತಿಗೆಯ ಬೆವರು ಒರೆಸಿಕೊಂಡು ಒಂದು ಕಲ್ಲಿನ ಮೇಲೆ ಕೂತರು.

"ಗೊತ್ತಿಲ್ಲ ಅಂತ ಬರಿ," ಎಂದರು. "ಮುಂದಿನ ವರ್ಷ ಮತ್ತೆ ನೋಡ್ವ."